ಒಡೆದ ಹಂಚು, ಉರುಳಿದ ಕಲ್ಲು: ಶಾಲೆಯ ತೋಟದಲ್ಲಿ ಹಳೆಯ ವಸ್ತುಗಳ ಮರುಬಳಕೆ



ಯಾವ ಹಳೆಯ ಶಾಲೆಯ ಹಿಂಬದಿಗೆ ಹೋದರೂ ಅಲ್ಲೊಂದು ರಾಶಿ ಇರುತ್ತದೆ. ಮಾಡಿನ ದುರಸ್ತಿಯ ವೇಳೆ ಇಳಿಸಿದ ಹಂಚು, ಬಿದ್ದುಹೋದ ಆವರಣಗೋಡೆಯ ಕಲ್ಲು, ಕಾಲು ಮುರಿದ ಬೆಂಚು, ತುಕ್ಕು ಹಿಡಿದ ಡ್ರಮ್ಮು, ಬಾಯಿ ಒಡೆದ ನೀರಿನ ಮಡಕೆ. ರಾಶಿಯ ಮೇಲೆ ಹುಲ್ಲು ಬೆಳೆದಿರುತ್ತದೆ. ಹಾವು ಇದ್ದೀತೆಂಬ ಅಂಜಿಕೆಯಿಂದ ಮಕ್ಕಳನ್ನು ಆ ಕಡೆ ಬಿಡುವುದಿಲ್ಲ. ಅದೇ ಶಾಲೆಗೆ ಕೈತೋಟ ಮಾಡಬೇಕೆಂಬ ಸುತ್ತೋಲೆ ಬಂದಾಗ ಮುಖ್ಯೋಪಾಧ್ಯಾಯರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಹಣದ್ದು: ಇಟ್ಟಿಗೆಗೆ ಎಷ್ಟು, ಕುಂಡಕ್ಕೆ ಎಷ್ಟು, ದಾರಿಗೆ ಹಾಸುವ ಕಲ್ಲಿಗೆ ಎಷ್ಟು? ಮುಂಬದಿಯ ಆ ಕೊರತೆಗೂ ಹಿಂಬದಿಯ ಈ ರಾಶಿಗೂ ಸಂಬಂಧ ಕಲ್ಪಿಸುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ವಿಷಯ ಹೊಸದಲ್ಲ. ಒಡೆದ ಮಡಕೆಯ ಬಿಲ್ಲೆಯಿಂದ ಕುಂಟೆಬಿಲ್ಲೆ ಆಡುವ ಮಗುವಿಗೆ, ಒಡೆದ ಕೊಡದಲ್ಲಿ ತುಳಸಿ ನೆಡುವ ಅಜ್ಜಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮನೆಯ ಅಂಗಳದ ಈ ರೂಢಿ ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು, ಬೆಳೆದಾಗ ಯಾವ ಯಾವ ಪ್ರಶ್ನೆಗಳು ಏಳುತ್ತವೆ ಎಂಬುದನ್ನು ತಿಳಿಯಲು ಚಂಡೀಗಢದ ಶಿಲೋದ್ಯಾನದ ಕಥೆಯಷ್ಟು ಒಳ್ಳೆಯ ಪಾಠ ಬೇರೊಂದು ಸಿಗುವುದು ಕಷ್ಟ. ರಾಕ್ ಗಾರ್ಡನ್ ಎಂದೇ ಪ್ರಸಿದ್ಧವಾದ ಆ ತೋಟವನ್ನು ಕಟ್ಟಿದವರು ನೇಕ್ ಚಂದ್ ಸೈನಿ. ಅವರು ಶಿಲ್ಪಿಯೂ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಕೆಲಸದ ಮೇಲ್ವಿಚಾರಕರಾಗಿದ್ದವರು.

ನೇಕ್ ಚಂದ್ ಹುಟ್ಟಿದ್ದು 1924ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಶಕರ್‌ಗಢ ಪ್ರದೇಶದ ಒಂದು ಹಳ್ಳಿಯಲ್ಲಿ. 1947ರ ವಿಭಜನೆಯಲ್ಲಿ ಆ ಕುಟುಂಬ ಊರನ್ನು ಬಿಟ್ಟು ಬರಬೇಕಾಯಿತು. 1950ರ ದಶಕದ ಆರಂಭದಲ್ಲಿ ಅವರು ಕೆಲಸಕ್ಕೆ ಸೇರಿದ ಸ್ಥಳವಾದರೂ ಎಂಥದು? ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿಯಾಗಿ ಲ ಕಾರ್ಬ್ಯೂಸಿಯೆಯ ನಕ್ಷೆಯಂತೆ ಏಳುತ್ತಿದ್ದ ಚಂಡೀಗಢ. ಆ ನಗರಕ್ಕೆ ಜಾಗ ಮಾಡಲು ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಕೆಡವಲಾಯಿತು. ಹಳೆಯ ಮನೆಗಳ ಇಟ್ಟಿಗೆ, ಒಲೆ, ಮಡಕೆ, ಬಳೆಚೂರು, ಮುರಿದ ಪಿಂಗಾಣಿ ಎಲ್ಲ ಅಲ್ಲಲ್ಲೇ ಗುಡ್ಡೆಯಾಗಿ ಬಿದ್ದಿದ್ದವು. ಹೊಸ ನಗರ ನೇರ ಗೆರೆಗಳದು, ಕಾಂಕ್ರೀಟಿನದು. ಅದಕ್ಕೆ ಆ ಗುಡ್ಡೆಗಳು ಬರೀ ಕಸ. ತನ್ನ ಹಳ್ಳಿಯನ್ನು ಒಮ್ಮೆ ಕಳೆದುಕೊಂಡಿದ್ದ ಈ ನೌಕರ ಮಾತ್ರ ಅದನ್ನು ಕಸವೆಂದು ಕಾಣಲಿಲ್ಲ. 1950ರ ದಶಕದ ಕೊನೆಯಲ್ಲಿ ಅವರು ಕೆಲಸ ಮುಗಿದ ಮೇಲೆ ಸೈಕಲ್ಲಿನಲ್ಲಿ ಹೋಗಿ ಈ ವಸ್ತುಗಳನ್ನೂ ಹೊಳೆಪಾತ್ರಗಳಲ್ಲಿ ವಿಚಿತ್ರ ಆಕಾರ ತಾಳಿದ ಕಲ್ಲುಗಳನ್ನೂ ಹೊತ್ತು ತರತೊಡಗಿದರು. ಸುಖನಾ ಸರೋವರದ ಬಳಿಯ ಕಾಡಿನಲ್ಲಿ, ಯಾರ ಕಣ್ಣಿಗೂ ಬೀಳದ ಒಂದು ತಗ್ಗಿನಲ್ಲಿ ಅವುಗಳನ್ನು ಜೋಡಿಸಿದರು.

ಸುಮಾರು 18 ವರ್ಷಗಳ ಕಾಲ ಈ ಕೆಲಸ ಗುಟ್ಟಾಗಿಯೇ ನಡೆಯಿತು. ಗುಟ್ಟಿಗೆ ಕಾರಣವಿತ್ತು. ಆ ಕಾಡು ಏನನ್ನೂ ಕಟ್ಟಬಾರದೆಂದು ಕಾದಿರಿಸಿದ ಸರಕಾರಿ ಭೂಮಿ. ಕಟ್ಟುತ್ತಿದ್ದವರು ಸರಕಾರಿ ನೌಕರರು. 1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಸುಮಾರು 12 ಎಕರೆಗಳಷ್ಟು ಹಬ್ಬಿತ್ತು: ಒಂದರೊಳಗಿಂದ ಒಂದಕ್ಕೆ ತೆರೆದುಕೊಳ್ಳುವ ಅಂಗಳಗಳು, ಅವುಗಳಲ್ಲಿ ಸಾಲು ಸಾಲಾಗಿ ನಿಂತ ನರ್ತಕಿಯರು, ವಾದ್ಯಗಾರರು, ನೀರು ಹೊರುವ ಹೆಂಗಸರು, ಪ್ರಾಣಿಗಳು. ಕಾನೂನಿನ ಪ್ರಕಾರ ಅದನ್ನು ಕೆಡವಬಹುದಿತ್ತು. ಕೆಡವಲಿಲ್ಲ. ಸಾರ್ವಜನಿಕ ಅಭಿಪ್ರಾಯ ನೇಕ್ ಚಂದರ ಪರವಾಗಿತ್ತು. ಅಧಿಕಾರಿಗಳಲ್ಲಿಯೂ ಕಣ್ಣಿದ್ದವರು ಇದ್ದರು. 1976ರಲ್ಲಿ ತೋಟ ಸಾರ್ವಜನಿಕರಿಗೆ ತೆರೆಯಿತು. ಅವರಿಗೆ ಅದೇ ತೋಟದ ಕೆಲಸವನ್ನು ಸಂಬಳಸಹಿತ ವಹಿಸಿ, 50 ಮಂದಿ ಕೆಲಸಗಾರರನ್ನೂ ಕೊಡಲಾಯಿತು. ನಗರದ ಹಲವೆಡೆ ಮುರಿದ ಪಿಂಗಾಣಿ, ಹರಕು ಬಟ್ಟೆ ಮೊದಲಾದವನ್ನು ಸಂಗ್ರಹಿಸುವ ಕೇಂದ್ರಗಳು ಆರಂಭವಾದವು. 1984ರಲ್ಲಿ ಪದ್ಮಶ್ರೀ ಬಂತು. ಅಷ್ಟಕ್ಕೇ ಕಥೆ ಸುಖಾಂತವಾಗಲಿಲ್ಲ ಎಂಬುದನ್ನೂ ಹೇಳಬೇಕು. 1990ರಲ್ಲಿ ತೋಟದ ಒಂದು ಭಾಗವನ್ನು ಕೆಡವಲು ಯಂತ್ರಗಳು ಬಂದಾಗ ಊರಿನ ಜನ ಅಡ್ಡ ನಿಂತು ತಡೆದರು. 1996ರಲ್ಲಿ ಅವರು ಉಪನ್ಯಾಸಕ್ಕೆಂದು ವಿದೇಶದಲ್ಲಿದ್ದಾಗ ಹಲವು ಪ್ರತಿಮೆಗಳು ಪುಡಿಯಾದವು. ಮುಂದಿನ ವರ್ಷ ತೋಟದ ರಕ್ಷಣೆಗಾಗಿ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. 2015ರ ಜೂನ್ 12ರಂದು, 90ನೆಯ ವಯಸ್ಸಿನಲ್ಲಿ, ನೇಕ್ ಚಂದ್ ತೀರಿಕೊಂಡರು.

ಮೇಷ್ಟರ ದೃಷ್ಟಿಯಿಂದ ನೋಡಿದರೆ ಈ ತೋಟದಲ್ಲಿ ಕಲಿಯಬೇಕಾದದ್ದು ಪ್ರತಿಮೆಗಳಿಗಿಂತ ಹೆಚ್ಚಾಗಿ ವಸ್ತುವನ್ನು ಅರಿಯುವ ರೀತಿ. ಮುರಿದ ಸೈಕಲ್ಲಿನ ಚೌಕಟ್ಟು ಪ್ರಾಣಿಯ ಎಲುಬಿನ ಹಂದರವಾಯಿತು, ಸೀಟು ಮುಖವಾಯಿತು. ಹಂದರದ ಮೇಲೆ ಸಿಮೆಂಟಿನ ಮಾಂಸ. ಅದು ಹಸಿಯಿರುವಾಗಲೇ ಒತ್ತಿದ ಬಳೆಚೂರು, ಪಿಂಗಾಣಿಯ ಚೂರುಗಳೇ ಚರ್ಮ. ಕಾಂಕ್ರೀಟು ತುಂಬಿದ ಡಾಂಬರು ಡ್ರಮ್ಮುಗಳು ಮಣ್ಣು ಕುಸಿಯದಂತೆ ತಡೆಯುವ ಗೋಡೆಗಳಾದವು. ಬೇಡವಾದ ವಿದ್ಯುತ್ ಫ್ಯೂಸಿನ ಬಿಳಿಯ ಪಿಂಗಾಣಿ ಬಿಲ್ಲೆಗಳು ಗೋಡೆಯ ಕಸೂತಿಯಾದವು. ಯಾವ ವಸ್ತು ಭಾರ ಹೊರುತ್ತದೆ, ಯಾವುದು ಹೊರಲಾರದು. ಯಾವುದು ಮಳೆಗೆ ನಿಲ್ಲುತ್ತದೆ, ಯಾವುದು ಕರಗುತ್ತದೆ. ಈ ವಿವೇಚನೆ ಇಲ್ಲದೆ ಹೋಗಿದ್ದರೆ ಅದು ಎರಡೇ ಮಳೆಗಾಲಗಳಲ್ಲಿ ಮತ್ತೆ ಕಸದ ಗುಡ್ಡೆಯಾಗುತ್ತಿತ್ತು. ಮರುಬಳಕೆಯ ಹೆಸರಿನಲ್ಲಿ ಶಾಲೆಗಳಲ್ಲಿ ನಡೆಯುವ ಎಷ್ಟೋ ಕೆಲಸಗಳಿಗೆ ಆಗುವುದೂ ಇದೇ. ಪ್ಲಾಸ್ಟಿಕ್ ಬಾಟಲಿಗಳನ್ನು ತಲೆಕೆಳಗಾಗಿ ಹೂತು ಬಣ್ಣ ಬಳಿದ ಪಾತಿಯ ಅಂಚು ಉದ್ಘಾಟನೆಯ ದಿನ ಚೆನ್ನಾಗಿ ಕಾಣುತ್ತದೆ. ವರ್ಷ ಕಳೆಯುವುದರೊಳಗೆ ಬಿಸಿಲಿಗೆ ಪೆಡಸಾಗಿ, ಒಡೆದು, ಹುಡಿಯಾಗಿ ಮಣ್ಣಿನಲ್ಲಿ ಸೇರುತ್ತದೆ. ಆಗ ಅದನ್ನು ಆರಿಸಿ ತೆಗೆಯುವುದು ಯಾರಿಂದಲೂ ಆಗದು. ನೀಲಗಿರಿಯಂತಹ, ಪ್ಲಾಸ್ಟಿಕ್ಕಿಗೆ ಕಟ್ಟುನಿಟ್ಟಿನ ನಿರ್ಬಂಧವಿರುವ ಜಿಲ್ಲೆಯಲ್ಲಿ ಅದು ಸಲ್ಲುವುದೂ ಇಲ್ಲ. ಬಾಟಲಿಯನ್ನು ಮಣ್ಣಿಗೆ ಸೇರಿಸುವುದು ಮರುಬಳಕೆಯಲ್ಲ, ಕಸದ ವಿಳಾಸ ಬದಲಿಸುವುದು ಮಾತ್ರ.

ಹಾಗಾದರೆ ಒಳ್ಳೆಯ ವಸ್ತು ಯಾವುದು? ಆಯಾ ನೆಲದಿಂದಲೇ ಬಂದು, ಒಡೆದರೂ ಮಣ್ಣಿಗೆ ಪರಕೀಯವಾಗದ ವಸ್ತು. ಈ ಅಳತೆಗೋಲಿನಿಂದ ನೋಡಿದರೆ ಗಡಿನಾಡಿನ ಪ್ರತಿಯೊಂದು ಸೀಮೆಗೂ ತನ್ನದೇ ಸಂಪತ್ತಿದೆ. ಕಾಸರಗೋಡಿಗೆ ಮುರಕಲ್ಲು ಮತ್ತು ಹಂಚು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿಗೆ ಕರಿಕಲ್ಲು, ಬಿದ್ದ ಮಾಳಿಗೆಮನೆಗಳ ತೊಲೆ ಜಂತಿಗಳು. ತೆಲಂಗಾಣದ ಪಶ್ಚಿಮದ ಅಂಚಿಗೆ ತಾಂಡೂರಿನ ಹಾಸುಗಲ್ಲಿನ ತುಂಡುಗಳು. ನೆಲಕ್ಕೆ ಹಾಸಲು ಬಾರದೆ ಗಣಿಯ ಬದಿಯಲ್ಲಿ ಬಿದ್ದಿರುವ ಇಂಥ ತೆಳು ಚಪ್ಪಡಿಗಳನ್ನು ಅರ್ಧ ಹೂತು ನಿಲ್ಲಿಸಿದರೆ ಪಾತಿಗೆ ಅಂಚು ಸಿದ್ಧ. ಮೂಲೆಗಳನ್ನು ಸುತ್ತಿಗೆಯಿಂದ ಮೊಂಡು ಮಾಡಿದರಾಯಿತು. ವಯನಾಡಿನಲ್ಲಿ ಸವರಿದ ಕಾಫಿಗಿಡದ ಕೊಂಬೆಗಳು ಬಳ್ಳಿಗೆ ಆಸರೆಯಾಗುತ್ತವೆ. ಇನ್ನು ಬೀಸುಕಲ್ಲು, ಒರಳುಕಲ್ಲುಗಳು ಎಲ್ಲ ಕಡೆಯೂ ಮನೆಯ ಹೊರಗೆ ಬಂದು ಬಿದ್ದಿವೆ. ಬೀಸುಕಲ್ಲಿನ ದುಂಡು ಹಲಗೆಗಳು ಕಾಲುದಾರಿಯ ಮೆಟ್ಟುಗಲ್ಲಾಗುತ್ತವೆ. ಒರಳಿನ ಗುಳಿ ಹಕ್ಕಿಗಳಿಗೆ ನೀರಿಡುವ ತೊಟ್ಟಿಯಾಗುತ್ತದೆ. ಈ ನೀರನ್ನು ಪ್ರತಿದಿನ ಚೆಲ್ಲಿ ಬದಲಿಸಬೇಕು, ಇಲ್ಲವಾದರೆ ಅದು ಸೊಳ್ಳೆಯ ತೊಟ್ಟಿಲಾಗುತ್ತದೆ.

ಹಂಚಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಕೆಂಪು ಹಂಚಿನ ಮಾಡುಗಳು ಬಂದವು. ಈಗ ಹಂಚಿನ ಜಾಗಕ್ಕೆ ಕಾಂಕ್ರೀಟು ಬರುತ್ತಿದೆ. ಇಳಿಸಿದ ಹಂಚುಗಳು ಲೆಕ್ಕವಿಲ್ಲದಷ್ಟು. ಹಳೆಯ ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಕೆಲವದರಲ್ಲಿ 1865 ಎಂಬ ಅಂಕೆಯೂ ಇರುತ್ತದೆ. ಅದು ಆ ಹಂಚು ತಯಾರಾದ ವರ್ಷವಲ್ಲ, ಕಾರ್ಖಾನೆ ಆರಂಭವಾದ ವರ್ಷ. ಮಕ್ಕಳು ಇಲ್ಲಿ ತಪ್ಪುವುದು ಸಹಜ. ತಪ್ಪಲು ಬಿಟ್ಟು ಅನಂತರ ತಿದ್ದಿದರೆ ಇತಿಹಾಸದ ಆಕರವನ್ನು ಓದುವ ಮೊದಲ ಪಾಠ ಅಲ್ಲಿಯೇ ಆಗುತ್ತದೆ. ಇಡಿಯ ಹಂಚನ್ನು ನಿಲ್ಲಿಸಿ ಮೂರನೆಯ ಒಂದು ಪಾಲು ಹೂತರೆ ಪಾತಿಯ ಅಂಚಾಗುತ್ತದೆ. ಒಡೆದದ್ದನ್ನು ಇನ್ನೂ ಚೂರು ಮಾಡಿ ಕುಂಡದ ತಳಕ್ಕೆ ಹಾಕಬಹುದು. ಆದರೆ ಹಂಚನ್ನು ದಾರಿಗೆ ಹಾಸಬಾರದು. ಅದು ಮಾಡಿನ ಇಳಿಜಾರಿನಲ್ಲಿ ಮಳೆಯನ್ನು ಹೊರುವುದಕ್ಕೆ ಹುಟ್ಟಿದ್ದು, ಕಾಲಡಿಯ ಭಾರಕ್ಕಲ್ಲ, ಮೆಟ್ಟಿದರೆ ಒಡೆಯುತ್ತದೆ. ಜೂನ್ ತಿಂಗಳ ಮಳೆಗೆ ಪಾಚಿ ಕಟ್ಟಿ ಜಾರುತ್ತದೆ ಕೂಡ. ದಾರಿಗೆ ಮುರಕಲ್ಲಿನ ತುಂಡುಗಳೇ ಮೇಲು; ಅದರ ಒರಟು ಮೈ ಕಾಲಿಗೆ ಹಿಡಿತ ಕೊಡುತ್ತದೆ.

ಬಿದ್ದ ಗೋಡೆಯ ಕಲ್ಲುಗಳಿಂದ ಗಾರೆಯಿಲ್ಲದ ಕಟ್ಟೆ ಕಟ್ಟುವುದು ಕೃಷಿಕರಿಗೆಲ್ಲ ತಿಳಿದ ಕೆಲಸ. ದೊಡ್ಡ ಕಲ್ಲು ಕೆಳಗೆ. ಒಂದು ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ನೇರವಾಗಬಾರದು. ಕಟ್ಟೆ ಮಣ್ಣಿನ ಕಡೆಗೆ ತುಸು ವಾಲಬೇಕು. ಹಿಂದೆ ಚಿಕ್ಕ ಕಲ್ಲು ತುಂಬಿದರೆ ನೀರು ಸೋಸಿ ಹೋಗುತ್ತದೆ, ಕಟ್ಟೆಯನ್ನು ನೂಕುವುದಿಲ್ಲ. ಶಾಲೆಯಲ್ಲಿ ಇದರ ಎತ್ತರ ಮಗುವಿನ ಮೊಣಕಾಲನ್ನು ಮೀರದಿರಲಿ. ನೀಲಗಿರಿಯ ಕಡಿದಾದ ಇಳಿಜಾರುಗಳಲ್ಲಿ ಮಣ್ಣು ತಡೆಯುವ ಗೋಡೆ ಬೇರೆಯೇ ಮಾತು. ಅದು ಅನುಭವಿ ಕೆಲಸಗಾರರದು, ಮಕ್ಕಳದಲ್ಲ.

ಕಟ್ಟಡದ ಅವಶೇಷದಲ್ಲಿ ಒಂದು ರಸಾಯನಶಾಸ್ತ್ರದ ಪಾಠವೂ ಅಡಗಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆ ಬಿದ್ದಾಗ ಇಟ್ಟಿಗೆಗಳು ಇಡಿಯಾಗಿ ಸಿಗುತ್ತವೆ. ಗಾರೆ ಇಟ್ಟಿಗೆಗಿಂತ ಮೆತು, ಅದು ಮೊದಲು ಬಿಟ್ಟುಕೊಡುತ್ತದೆ. ಸಿಮೆಂಟಿನ ಗೋಡೆಯಾದರೆ ಗಾರೆ ಇಟ್ಟಿಗೆಗಿಂತ ಗಟ್ಟಿ, ಇಟ್ಟಿಗೆಯೇ ಒಡೆಯುತ್ತದೆ. ಮುತ್ತಜ್ಜನ ಮನೆಯ ಇಟ್ಟಿಗೆ ಮರುಬಳಕೆಗೆ ಸಿಗುತ್ತದೆ, ಅಪ್ಪನ ಮನೆಯದು ಸಿಗುವುದಿಲ್ಲ ಎಂಬುದರ ಕಾರಣ ಇಷ್ಟೆ. ಸುಣ್ಣದ ಗಾರೆಯ ಪುಡಿಯನ್ನು ಕಂಡಕಂಡಲ್ಲಿ ಪಾತಿಗೆ ಸುರಿಯಬಾರದು. ಕಾಸರಗೋಡಿನ ಕೆಂಪುಮಣ್ಣಿಗೆ ಹುಳಿಯ ಗುಣವಿದೆ, ತುಸು ಸುಣ್ಣ ಬಿದ್ದರೆ ಅದಕ್ಕೆ ಹಿತವೇ. ಸೊಲ್ಲಾಪುರದ ಎರೆಮಣ್ಣಿನಲ್ಲಿ ಮೊದಲೇ ಸುಣ್ಣದ ಅಂಶವಿದೆ. ಇನ್ನಷ್ಟು ಸೇರಿದರೆ ಎಲೆ ಹಳದಿಗಟ್ಟುತ್ತದೆ.

ನೀರಿನ ಅಭಾವವಿರುವ ರಾಯದುರ್ಗ, ಮಡಕಶಿರ, ಆದವಾನಿ ಸೀಮೆಯ ಶಾಲೆಗಳಿಗೆ ಒಡೆದ ಮಡಕೆಗಿಂತ ದೊಡ್ಡ ನಿಧಿಯಿಲ್ಲ. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಒಂದು ಹಂಚಿನ ಚೂರು ಮುಚ್ಚಿದರೆ ನೀರು ಮಡಕೆಯ ಮೈಯಿಂದ ಮೆಲ್ಲನೆ ಒಸರುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಹೆಚ್ಚು ಎಳೆಯುತ್ತದೆ, ಹಸಿಯಿದ್ದರೆ ಕಡಿಮೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನೀ ಕೃಷಿಗ್ರಂಥವೊಂದರಲ್ಲಿಯೇ ಈ ವಿಧಾನದ ವರ್ಣನೆಯಿದೆ. ಕಂಠ ಒಡೆದ ಮಡಕೆ ಮನೆಗೆ ಬೇಡವಾದರೂ ಇದಕ್ಕೆ ಸಾಕು. ತಳದಲ್ಲಿ ಬಿರುಕಿದ್ದರೆ ಮಾತ್ರ ಸಿಮೆಂಟು ಹಚ್ಚಿ ಮುಚ್ಚಬೇಕು. ಹೂಳುವ ಮೊದಲು ನೀರು ತುಂಬಿಟ್ಟು ನೋಡಬೇಕು: ಕೆಲವು ಗಂಟೆಗಳಲ್ಲಿ ಹೊರಮೈ ತಂಪಾಗಿ ಒದ್ದೆಯಾದರೆ ಮಡಕೆ ಜೀವಂತವಾಗಿದೆ. ಬಣ್ಣ ಬಳಿದ ಮಡಕೆ ಒಸರುವುದಿಲ್ಲ. ಕೊಳವೆಬಾವಿಯ ಗಡಸು ನೀರಿನಿಂದ ಕಾಲಕ್ರಮದಲ್ಲಿ ರಂಧ್ರಗಳು ಉಪ್ಪುಗಟ್ಟಿ ಮುಚ್ಚುತ್ತವೆ. ಆಗ ಮಡಕೆ ಬದಲಿಸಬೇಕು. ಬದನೆ, ಕುಂಬಳ, ಸೋರೆಗಳನ್ನು ಮಡಕೆಯಿಂದ ಒಂದು ಗೇಣಿನೊಳಗೆ ನೆಡಬೇಕು. ಪ್ರತಿದಿನ ಬೆಳಿಗ್ಗೆ ಒಂದು ಕಡ್ಡಿಯಿಂದ ನೀರಿನ ಮಟ್ಟ ಅಳೆದು ಬರೆದಿಟ್ಟರೆ ಏಳನೆಯ ತರಗತಿಗೆ ನಕ್ಷಾರೇಖೆ ಎಳೆಯಲು ಸಾಮಗ್ರಿ ಸಿದ್ಧವಾಗುತ್ತದೆ. ಪಠ್ಯಪುಸ್ತಕದ ರೈಲು ಕಾರುಗಳ ವೇಗಕ್ಕಿಂತ ಈ ಅಂಕೆಗಳನ್ನು ಮಕ್ಕಳು ಹೆಚ್ಚು ನಂಬುತ್ತಾರೆ.

ಇನ್ನು ಅಪಾಯದ ಮಾತು. ಚಂಡೀಗಢದ ತೋಟದಲ್ಲಿ ಇರುವುದೆಲ್ಲವನ್ನೂ ಶಾಲೆಯಲ್ಲಿ ಅನುಕರಿಸುವಂತಿಲ್ಲ. ಅಲ್ಲಿ ಕೆಟ್ಟ ಟ್ಯೂಬ್‌ಲೈಟುಗಳನ್ನೂ ಬಳಸಿದ್ದಾರೆ. ಅವುಗಳೊಳಗೆ ಪಾದರಸವಿದೆ, ಮಕ್ಕಳ ಕೈಗೆ ಅದು ಹೋಗಲೇಬಾರದು. ಮಾಡಿನಿಂದ ಇಳಿಸಿದ ಆಸ್ಬೆಸ್ಟಾಸ್ ಸಿಮೆಂಟಿನ ಶೀಟು ಅನೇಕ ಶಾಲೆಗಳ ಹಿಂಬದಿಯಲ್ಲಿ ಬಿದ್ದಿದೆ. ಅದನ್ನು ಒಡೆದರೆ, ಕೊರೆದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನೆಲೆಸುತ್ತವೆ. ರೋಗ ತಲೆದೋರುವುದು ದಶಕಗಳ ಅನಂತರ. ಪಾತಿಯ ಅಂಚಿಗೆ ಶೀಟಿನ ತುಂಡು ಚೆನ್ನಾಗಿ ಒಪ್ಪುತ್ತದೆ ಎಂಬ ಸಲಹೆಯನ್ನು ಯಾರು ಕೊಟ್ಟರೂ ಕೇಳಬಾರದು. ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಮಕ್ಕಳಿಂದ ಕೆರೆಸುವುದು, ಉಜ್ಜಿಸುವುದು ಸಲ್ಲದು. ಕೀಟನಾಶಕದ ಡಬ್ಬಿ, ಏನು ತುಂಬಿತ್ತೆಂದು ತಿಳಿಯದ ಡ್ರಮ್ಮು, ಹೊಸೂರಿನಂತಹ ಕೈಗಾರಿಕಾ ಪಟ್ಟಣಗಳಲ್ಲಿ ಅಗ್ಗವಾಗಿ ಸಿಗುವ ಎಣ್ಣೆ ಮೆತ್ತಿದ ಕಬ್ಬಿಣದ ಚೂರು, ಇವೂ ಬೇಡ. ಟಯರುಗಳು ಶಾಲೆಗಳಲ್ಲಿ ಬಹಳ ಜನಪ್ರಿಯ. ಅವುಗಳ ಒಳಮಡಿಕೆಯಲ್ಲಿ ನಿಲ್ಲುವ ಅಂಗೈಯಷ್ಟು ಮಳೆನೀರು ಡೆಂಗಿ ಹರಡುವ ಸೊಳ್ಳೆಗೆ ಧಾರಾಳ. ಬಳಸಲೇಬೇಕಾದರೆ ತಳದಲ್ಲಿ ತೂತು ಕೊರೆದು, ಮಣ್ಣನ್ನು ಮಡಿಕೆಯವರೆಗೂ ತುಂಬಿ, ಹೂಗಿಡಕ್ಕೆ ಮಾತ್ರ ಬಳಸಬೇಕು. ಬಿಸಿಯೂಟದ ಪಾತ್ರೆ ಸೇರುವ ತರಕಾರಿಗೆ ಬೇಡ.

ರಾಶಿಯನ್ನು ಬಿಚ್ಚುವ ದಿನ ದೊಡ್ಡವರು ಮೊದಲು ಹೋಗಬೇಕು. ಕೋಲಿನಿಂದ ತಟ್ಟಿ, ಒಂದೊಂದೇ ವಸ್ತುವನ್ನು ತನ್ನ ಕಡೆಗೆ ಎಳೆದುಕೊಳ್ಳದೆ ಆಚೆಗೆ ಮಗುಚಿ ನೋಡಬೇಕು. ಮೊಳೆ, ಗಾಜುಗಳನ್ನು ಪ್ರತ್ಯೇಕಿಸಿದ ಮೇಲೆಯೇ ಮಕ್ಕಳ ಸರದಿ. ಕೆಲಸದ ಹಂಚಿಕೆಯಲ್ಲಿ ಜಾತಿಯ, ಲಿಂಗದ ಹಳೆಯ ರೂಢಿಗಳು ನುಸುಳದಂತೆ ಎಚ್ಚರ ವಹಿಸುವುದು ಅಷ್ಟೇ ಅಗತ್ಯ. ಕಸ ಎತ್ತುವುದು ಕೆಲವರ ಪಾಲಿಗೆ, ಬಣ್ಣ ಹಚ್ಚುವುದು ಕೆಲವರ ಪಾಲಿಗೆ ಎಂದಾದರೆ ತೋಟ ಎಷ್ಟೇ ಸುಂದರವಾದರೂ ಪಾಠ ಕೆಟ್ಟಂತೆಯೇ.

ಕನ್ನಡ ಮಾಧ್ಯಮದ ಶಾಲೆಗೆ ಈ ರಾಶಿಯಲ್ಲಿ ಇನ್ನೊಂದು ವಿಶೇಷ ಲಾಭವಿದೆ. ಹಳೆಯ ಮನೆ ಬಿದ್ದಾಗ ಅದರ ಭಾಗಗಳ ಹೆಸರುಗಳೂ ಬೀಳುತ್ತವೆ. ಪಕ್ಕಾಸು, ರೀಪು, ಜಂತಿ, ತೊಲೆ, ಬೋದಿಗೆ, ಅಗುಳಿ, ಚಿಲಕ, ಬೆಳಕಿಂಡಿ, ಹಗೇವು: ಕಾಂಕ್ರೀಟಿನ ಮನೆಯಲ್ಲಿ ಹುಟ್ಟಿದ ಮಗುವಿಗೆ ಇವುಗಳಲ್ಲಿ ಹೆಚ್ಚಿನವನ್ನು ಕೇಳುವ ಸಂದರ್ಭವೇ ಬರುವುದಿಲ್ಲ. ಕರ್ನಾಟಕದೊಳಗೂ ಇದು ನಿಜ. ಗಡಿಯಾಚೆಯ ಶಾಲೆಯಲ್ಲಿ ನಷ್ಟ ಇಮ್ಮಡಿ. ಅಂಗಡಿಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಫಲಕದಲ್ಲಿ ಕನ್ನಡ ಕಾಣದ ಮಗುವಿಗೆ ಮನೆಯ ವಸ್ತುಗಳ ಹೆಸರೇ ಕನ್ನಡದ ಆಧಾರ. ಆದ್ದರಿಂದ ರಾಶಿಯ ಪ್ರತಿಯೊಂದು ವಸ್ತುವನ್ನೂ ಹೆಸರಿಟ್ಟು ಕರೆಯುವುದು ತೋಟದ ಕೆಲಸದ ಮೊದಲ ಘಟ್ಟವಾಗಬೇಕು. ಹೆಸರು ತಿಳಿಯದಿದ್ದರೆ ಮಕ್ಕಳು ಮನೆಯಲ್ಲಿ ಅಜ್ಜಿಯನ್ನು, ನೆರೆಯ ಬಡಗಿಯನ್ನು ಕೇಳಿ ಬರಲಿ. ಎರಡು ಮನೆಗಳಲ್ಲಿ ಎರಡು ಹೆಸರು ಸಿಕ್ಕರೆ ಎರಡನ್ನೂ ಬರೆದುಕೊಳ್ಳಲಿ. ಗ್ರಂಥಸ್ಥ ರೂಪ ಇದು, ಅದು ತಪ್ಪು ಎಂದು ತಿದ್ದುವ ಅವಸರ ಅಲ್ಲಿ ಬೇಡ.

ನೆರೆಯ ಭಾಷೆಗಳೂ ಇಲ್ಲಿ ನೆರವಿಗೆ ಬರುತ್ತವೆ. ಹಂಚಿಗೆ ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ಓಡು ಎನ್ನುತ್ತಾರೆ. ತೆಲುಗಿನಲ್ಲಿ ಪೆಂಕು, ಮರಾಠಿಯಲ್ಲಿ ಕೌಲು. ಓಡು ಎಂಬುದು ಕನ್ನಡಕ್ಕೆ ಹೊರಗಿನದೆಂದು ಮಗು ತಿಳಿಯಬಹುದು. ಆದರೆ ಮಡಕೆಯ ಚೂರಿಗೆ, ಹಂಚಿಗೆ ಓಡು ಎಂಬ ಮಾತು ಕನ್ನಡದಲ್ಲಿಯೂ ಇದೆ. ಇಂದಿಗೂ ತಲೆಯೋಡು ಎನ್ನುವಾಗ ಅದೇ ಪದ ಬರುತ್ತದೆ. ತರಗತಿಯ ಹೊರಗೆ ಬೇರೆ ಭಾಷೆಯೆಂದು ಕೇಳುವ ಪದ ತನ್ನ ಮಾತಿನೊಳಗೇ ಇನ್ನೊಂದು ರೂಪದಲ್ಲಿ ಕುಳಿತಿದೆ ಎಂದು ತಿಳಿದ ಮಗುವಿಗೆ ರಾಜ್ಯದ ಭಾಷೆ ಹೆದರಿಕೆಯ ವಸ್ತುವಾಗಿ ಉಳಿಯುವುದಿಲ್ಲ. ತೋಟದ ಗಿಡಗಳಿಗೆ ಹೆಸರಿನ ಫಲಕ ಮಾಡಲು ಒಡೆದ ಹಂಚಿನ ಚಪ್ಪಟೆ ಭಾಗವೇ ಸಾಕು. ಮೇಲೆ ಕನ್ನಡ, ಕೆಳಗೆ ರಾಜ್ಯದ ಭಾಷೆ. ಎರಡನ್ನೂ ಒಂದೇ ಗಾತ್ರದಲ್ಲಿ ಬರೆಯಲಿ.

ಚಂಡೀಗಢದ ತೋಟ ಕನ್ನಡದ ಗಡಿನಾಡಿನಂತೆಯೇ ಎಂದು ಹೇಳಿದರೆ ಅತಿಯಾದೀತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಜನ ಮನೆ ಬಿಟ್ಟು ಓಡಬೇಕಾಗಲಿಲ್ಲ. 1947ರ ಪಂಜಾಬಿನ ದುಃಖ ಬೇರೆಯೇ ತೂಕದ್ದು. ಚಂಡೀಗಢವಾದರೂ 1966ರಲ್ಲಿ ಭಾಷೆಯ ಆಧಾರದಿಂದ ಪಂಜಾಬ್ ಮತ್ತೆ ಇಬ್ಭಾಗವಾದಾಗ ಎರಡು ರಾಜ್ಯಗಳಿಗೂ ರಾಜಧಾನಿಯಾಗಿ ಉಳಿಯಿತು ಎಂಬುದು ಸಮಾಜವಿಜ್ಞಾನದ ಅಧ್ಯಾಪಕರಿಗೆ ಉಪಯುಕ್ತ ಸಂಗತಿ. ಭೂಪಟದಲ್ಲಿ ಗೆರೆ ಎಳೆಯುವಾಗ ನೆಲದ ಮೇಲೆ ಏನೇನು ಉಳಿಯುತ್ತದೆ ಎಂದು ಕೇಳಲು ಆ ತೋಟದ ಒಂದು ಚಿತ್ರ ಸಾಕು.

ಕೊನೆಗೆ ಒಂದು ಕಚೇರಿಯ ವಿಷಯ. ಅಲಕ್ಷ್ಯ ಮಾಡಿದರೆ ಒಳ್ಳೆಯ ಉದ್ದೇಶದ ಅಧ್ಯಾಪಕರೇ ತೊಂದರೆಗೆ ಸಿಲುಕುವ ವಿಷಯ. ನೇಕ್ ಚಂದರಿಗೆ ಕ್ಷಮೆ ಸಿಕ್ಕಿತು. ಎಲ್ಲರಿಗೂ ಸಿಕ್ಕೀತೆಂದು ನಂಬುವಂತಿಲ್ಲ. ಮುರಿದ ಬೆಂಚು, ಇಳಿಸಿದ ಹಂಚು, ಹಳೆಯ ಬಾಗಿಲು ಇವೆಲ್ಲ ಕಣ್ಣಿಗೆ ಕಸವಾದರೂ ದಾಸ್ತಾನು ಪುಸ್ತಕದಲ್ಲಿ ಶಾಲೆಯ ಸೊತ್ತು. ನಿರುಪಯೋಗಿಯೆಂದು ಮೇಲಧಿಕಾರಿಗಳು ತೀರ್ಮಾನಿಸಿ ಪುಸ್ತಕದಿಂದ ತೆಗೆಯುವವರೆಗೆ ಬೆಂಚಿನ ಹಲಗೆಯನ್ನು ಬಳ್ಳಿಯ ಚಪ್ಪರಕ್ಕೆ ಕೊಯ್ಯುವಂತಿಲ್ಲ. ಆದ್ದರಿಂದ ಮೊದಲು ರಾಶಿಯ ಪಟ್ಟಿ ಮಾಡಿ, ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಂಡಿಸಿ, ಲಿಖಿತ ಅನುಮತಿ ಪಡೆಯಬೇಕು. ಊರಿನವರು ತಂದುಕೊಡುವ ಕಲ್ಲು, ಮಡಕೆಗಳಿಗೆ ಈ ತೊಡಕಿಲ್ಲ; ಕೊಟ್ಟವರ ಹೆಸರನ್ನು ಬರೆದಿಟ್ಟರೆ ಸಾಕು.

ಅನುಮತಿ ಬರಲು ತಿಂಗಳುಗಳು ಹಿಡಿಯುತ್ತವೆ. ಆ ಅವಧಿ ವ್ಯರ್ಥವಲ್ಲ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ಪಟ್ಟಿಯನ್ನೂ ಪದಸಂಗ್ರಹವನ್ನೂ ಆರಂಭಿಸಬಹುದು. ಕರಾವಳಿಯಲ್ಲಿ ಮಳೆ ಹಿಂದೆಗೆದ ಅಕ್ಟೋಬರ್ ಅನಂತರ ಕಲ್ಲಿನ ಕೆಲಸ ಮಾಡಿದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ. ಹಿಂಗಾರಿನ ಮಳೆ ಬೀಳುವ ತಾಳವಾಡಿ, ಹೊಸೂರುಗಳಲ್ಲಿ ಇನ್ನೊಂದೆರಡು ತಿಂಗಳು ಕಾಯಬೇಕು. ಬಯಲುಸೀಮೆಯಲ್ಲಿ ಮಡಕೆಗಳನ್ನು ಜನವರಿಯಲ್ಲಿ ಹೂತರೆ, ಬಿಸಿಲು ಏರುವ ಹೊತ್ತಿಗೆ ಬೇರುಗಳು ಮಡಕೆಯ ಮೈಯನ್ನು ಹುಡುಕಿಕೊಂಡಿರುತ್ತವೆ. ಬೇಸಿಗೆಯ ರಜೆಯಲ್ಲಿ ವಾರಕ್ಕೆ ಎರಡು ಸಲ ಬಂದು ಮಡಕೆ ತುಂಬುವವರು ಯಾರು ಎಂಬುದನ್ನು ಮಾತ್ರ ಮಾರ್ಚ್ ತಿಂಗಳಲ್ಲಿಯೇ ಗೊತ್ತುಮಾಡಿಕೊಳ್ಳಬೇಕು.